ಸ್ಪ್ರೇ ಪಂಪಿನ ನಾಬು ತಿರುಗಿಸುವ ಮುನ್ನ ಬೈಪಾಸ್ ಪೈಪು ನೋಡಿ



ಜತ್ತ ತಾಲೂಕಿನ ನಮ್ಮ ಊರುಗಳಲ್ಲಿ ಮಳೆ ಕಡಿಮೆ, ಔಷಧ ಹೊಡೆಯುವ ದಿನಗಳು ಜಾಸ್ತಿ. ಉಮದಿ, ಸಂಖ, ಬಿಳೂರು ಕಡೆಗೆ ದ್ರಾಕ್ಷಿ ಪಡ, ಉಳಿದೆಡೆ ದಾಳಿಂಬೆ. ಎರಡಕ್ಕೂ ಎಚ್.ಟಿ.ಪಿ. ಪಂಪು ಇಲ್ಲದೆ ನಡೆಯುವುದಿಲ್ಲ. ಹೊಲದ ಮೂಲೆಯ ಶೆಡ್ಡಿನಲ್ಲಿ ಎಂಜಿನ್ನು, ಬೆಲ್ಟು, ಮೂರು ಪ್ಲಂಜರಿನ ಪಂಪು, ಎರಡು ನೂರು ಲೀಟರಿನ ಡ್ರಮ್ಮು, ಉದ್ದನೆಯ ಹಳದಿ ಪೈಪು ಇರುವ ಮನೆಗಳು ನಮ್ಮಲ್ಲಿ ಎಷ್ಟೋ. ಈಚೆಗೆ ದನದ ಕೊಟ್ಟಿಗೆ ಮತ್ತು ಟ್ರ್ಯಾಕ್ಟರ್ ತೊಳೆಯಲು ಪ್ರೆಶರ್ ವಾಷರ್ ಕೊಂಡವರೂ ಇದ್ದಾರೆ. ಈ ಎರಡು ಯಂತ್ರಗಳು ಅಣ್ಣತಮ್ಮಂದಿರು. ಎರಡರ ತಲೆಯ ಮೇಲೂ ಒಂದು ಹಿತ್ತಾಳೆಯ ವಾಲ್ವು, ಅದರ ಮೇಲೊಂದು ನಾಬು. ಆ ನಾಬಿನ ವಿಷಯವೇ ಈ ಸಲದ ಲೇಖನ.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಮೊದಲು ಹೇಳುತ್ತೇವೆ. ಮೃಗ ಬಹಾರದ ದಾಳಿಂಬೆ ಕಾಯಿಗಳು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದ್ದವು. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದು ಬಿಟ್ಟಿತ್ತು, ತೇಲ್ಯಾ ಬಂದೀತೆಂಬ ಭಯ. ಅರ್ಧ ಪ್ರತಿಶತದ ಬೋರ್ಡೋ ಕಲಸಿ ಬೆಳಗ್ಗೆ ಏಳಕ್ಕೇ ಪಂಪು ಚಾಲೂ ಮಾಡಿದೆವು. ಹತ್ತು ಸಾಲು ಮುಗಿಯುವಷ್ಟರಲ್ಲಿ ಗನ್ನಿನಿಂದ ಬರುವ ಧಾರೆ ಗಿಡದ ನೆತ್ತಿಗೆ ಮುಟ್ಟದಾಯಿತು. ಗೇಜಿನ ಮುಳ್ಳು ಇಪ್ಪತ್ತೈದು ಕಿಲೋದಿಂದ ಹದಿನೇಳಕ್ಕೆ ಇಳಿದಿತ್ತು. ಪಂಪಿನ ಹತ್ತಿರ ನಿಂತಿದ್ದ ನಮ್ಮ ತಮ್ಮ ನಾಬನ್ನು ಎರಡು ಸುತ್ತು ಬಿಗಿ ಮಾಡಿದ. ಮುಳ್ಳು ಅಲುಗಲಿಲ್ಲ. ಇನ್ನೆರಡು ಸುತ್ತು ಹಾಕಿದ. ಆಗಲೂ ಇಲ್ಲ. 'ವಾಲ್ವೇ ಕೆಟ್ಟಿದೆ, ನಾಳೆ ಪೇಟೆಗೆ ಹೋಗಿ ತರೋಣ, ಇವತ್ತು ಇಷ್ಟರಲ್ಲೇ ಹೊಡೆಯೋಣ' ಎಂದುಕೊಂಡೆವು. ಗನ್ನು ಹಿಡಿದವನು ಸಾಲು ಮುಗಿಸಿ ಮುಂದಿನ ಸಾಲಿಗೆ ತಿರುಗುವಾಗ ಎಂದಿನಂತೆ ಗನ್ನು ಮುಚ್ಚಿದ. ಆ ಕ್ಷಣದಲ್ಲಿ ಮುಳ್ಳು ಗೇಜಿನ ಕೊನೆಗೆ ಹಾರಿತು, ಎಂಜಿನ್ನು ನರಳಿತು, ಪಂಪಿನ ಬಾಯಿಯಲ್ಲಿ ಕ್ಲಾಂಪು ಕಿತ್ತು ಪೈಪು ಹಾವಿನಂತೆ ಎದ್ದು ಬಡಿಯಿತು. ತಮ್ಮನ ಮುಖ, ಎದೆ, ಕಣ್ಣು ಎಲ್ಲಾ ನೀಲಿ ಸುಣ್ಣ.

ಅಂದು ಡ್ರಮ್ಮಿನಲ್ಲಿದ್ದದ್ದು ಬೋರ್ಡೋ. ಕಣ್ಣು ಎರಡು ದಿನ ಉರಿದು ಸುಮ್ಮನಾಯಿತು. ಎರಡು ದಿನ ಬಿಟ್ಟು ಹೊಡೆಯಬೇಕೆಂದು ತಂದಿಟ್ಟಿದ್ದ ಕೀಟನಾಶಕದ ಬಾಟಲಿ ಅದೇ ಶೆಡ್ಡಿನಲ್ಲಿತ್ತು. ಅದನ್ನು ನೋಡಿದಾಗಲೆಲ್ಲ ನಮಗೆ ಮೈ ಜುಮ್ಮೆನ್ನುತ್ತದೆ.

ವಾಲ್ವು ಕೆಟ್ಟಿರಲಿಲ್ಲ. ಕೆಟ್ಟದ್ದು ನಾಜಲಿನ ತೂತು. ಇದು ನಮಗೆ ತಿಳಿದದ್ದು ಒಂದು ತಪ್ಪು ವಾಲ್ವು ಕೊಂಡು ದುಡ್ಡು ಕಳೆದ ಮೇಲೆ. ಅದನ್ನು ಮುಂದೆ ಹೇಳುತ್ತೇವೆ.

ಪಂಪು ಮಾಡುವ ಕೆಲಸ, ವಾಲ್ವು ಮಾಡುವ ಕೆಲಸ

ಪ್ಲಂಜರ್ ಪಂಪಿನ ಬಗ್ಗೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ ಉಳಿದದ್ದೆಲ್ಲ ಸುಲಭ. ಈ ಪಂಪು ಒತ್ತಡವನ್ನು ಮಾಡುವುದಿಲ್ಲ, ನೀರನ್ನು ತಳ್ಳುತ್ತದೆ ಅಷ್ಟೆ. ಮಿನಿಟಿಗೆ ಇಪ್ಪತ್ತು ಲೀಟರಿನ ಪಂಪು ಸರಿಯಾದ ವೇಗದಲ್ಲಿ ತಿರುಗುತ್ತಿದ್ದರೆ ಇಪ್ಪತ್ತು ಲೀಟರನ್ನು ತಳ್ಳಿಯೇ ತಳ್ಳುತ್ತದೆ. ಮುಂದೆ ದಾರಿ ಇದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಬಾವಿಯ ಮೋಟಾರು ಹಾಗಲ್ಲ. ಅದರ ಗೇಟು ಮುಚ್ಚಿದರೆ ನೀರು ಒಳಗೇ ಸುತ್ತುತ್ತದೆ. ಪ್ಲಂಜರಿಗೆ ಆ ಸೌಕರ್ಯವಿಲ್ಲ. ಒತ್ತಡ ಹುಟ್ಟುವುದು ನಾಜಲಿನ ಸಣ್ಣ ತೂತು ತಡೆಯುವುದರಿಂದ. ತೂತು ಸಣ್ಣದಾದಷ್ಟೂ ಒತ್ತಡ ಏರುತ್ತದೆ. ಗನ್ನು ಪೂರ್ತಿ ಮುಚ್ಚಿದರೆ ಒತ್ತಡ ಏರುತ್ತಲೇ ಹೋಗಿ ಯಾವುದಾದರೊಂದು ಒಡೆಯಬೇಕು: ಪೈಪು, ಕ್ಲಾಂಪು, ಗೇಜು, ಇಲ್ಲವೆ ಪಂಪಿನ ತಲೆ.

ಹಾಗೆ ಒಡೆಯಬಾರದೆಂದು ವಾಲ್ವು ಇಟ್ಟಿದ್ದಾರೆ. ಅದರೊಳಗೆ ಒಂದು ಪೀಠ, ಪೀಠದ ಮೇಲೆ ಗುಂಡು ಅಥವಾ ಮುಚ್ಚಳ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ನಾಬು ಬಿಗಿ ಮಾಡಿದರೆ ಸ್ಪ್ರಿಂಗು ಬಿಗಿಯಾಗುತ್ತದೆ. ನೀರಿನ ಒತ್ತಡ ಸ್ಪ್ರಿಂಗನ್ನು ಮೀರಿದಾಗ ಮುಚ್ಚಳ ಎದ್ದು, ಹೆಚ್ಚಾದ ನೀರು ಬೈಪಾಸ್ ಪೈಪಿನಿಂದ ಡ್ರಮ್ಮಿಗೆ ಮರಳುತ್ತದೆ. ಕೆರೆಗೆ ಕೋಡಿ ಇದ್ದಂತೆ. ಕೋಡಿಯ ಎತ್ತರ ಏರಿಸಿದಿರೆಂದು ಕೆರೆಗೆ ನೀರು ಬರುವುದಿಲ್ಲ. ನೀರು ಬಂದಾಗ ಎಷ್ಟರವರೆಗೆ ನಿಲ್ಲಬಹುದೆಂಬುದು ಮಾತ್ರ ಬದಲಾಗುತ್ತದೆ. ನಾಬಿನದೂ ಅದೇ ಕಥೆ. ನಮ್ಮ ತಮ್ಮ ನಾಬು ತಿರುಗಿಸಿದಾಗ ಮುಳ್ಳು ಅಲುಗದೆ ಇದ್ದದ್ದು, ನೀರು ಕೋಡಿಯ ಮಟ್ಟಕ್ಕೆ ಬಂದೇ ಇರಲಿಲ್ಲವಾದ್ದರಿಂದ. ಎಲ್ಲಾ ನೀರು ಸವೆದ ನಾಜಲಿನಲ್ಲಿ ಸಲೀಸಾಗಿ ಹೋಗುತ್ತಿತ್ತು. ಗನ್ನು ಮುಚ್ಚಿದಾಗ ನೀರು ಕೋಡಿಗೆ ಬಂತು. ಆದರೆ ಆ ಹೊತ್ತಿಗೆ ಕೋಡಿಯನ್ನು ನಾಲ್ಕು ಸುತ್ತು ಎತ್ತರ ಮಾಡಿ ಇಟ್ಟಿದ್ದೆವು.

ನಾಬು ತಿರುಗಿಸಿ ಏನೂ ಆಗದಿದ್ದರೆ 'ಏನೂ ಆಗಲಿಲ್ಲ' ಎಂದು ಬಿಟ್ಟುಬಿಡಬೇಡಿ. ಆಗುವುದು ಆಮೇಲೆ ಆಗುತ್ತದೆ. ತಿರುಗಿಸಿದಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ ಇಡಿ.

ಪ್ರೆಶರ್ ವಾಷರಿನ ಅನ್‌ಲೋಡರ್ ವಾಲ್ವು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಗಾಡಿ ನಿಂತಾಗ ಎತ್ತುಗಳ ಕೊರಳ ಮೇಲೆ ನೊಗ ಹಾಗೇ ಬಿಡುವವರೂ ಇದ್ದಾರೆ, ನೊಗ ಇಳಿಸಿ ಎತ್ತಿಗೆ ಉಸಿರು ಬಿಡಿಸುವವರೂ ಇದ್ದಾರೆ. ಸಾದಾ ಪ್ರೆಶರ್ ರೆಗ್ಯುಲೇಟರು ಮೊದಲನೆಯದು. ಗನ್ನು ಮುಚ್ಚಿದರೂ ಪಂಪು ಪೂರ್ತಿ ಒತ್ತಡದಲ್ಲೇ ದುಡಿಯುತ್ತ ನೀರನ್ನು ಬೈಪಾಸಿಗೆ ತಳ್ಳುತ್ತಿರುತ್ತದೆ. ಅನ್‌ಲೋಡರ್ ಎರಡನೆಯದು. ಗನ್ನು ಮುಚ್ಚಿದೊಡನೆ ಅದು ಪೈಪಿನಲ್ಲಿರುವ ಒತ್ತಡವನ್ನು ಒಂದು ಚೆಕ್ ವಾಲ್ವಿನ ಹಿಂದೆ ಕೂಡಿಹಾಕಿ, ಪಂಪಿನ ಮೇಲಿನ ಹೊರೆಯನ್ನು ಇಳಿಸಿಬಿಡುತ್ತದೆ. ನೀರು ಸುಮ್ಮನೆ ಸುತ್ತುತ್ತದೆ, ಎಂಜಿನ್ನು ಹಗುರಾಗುತ್ತದೆ. ಹೊರೆ ಇಳಿಸುವುದರಿಂದಲೇ ಅದಕ್ಕೆ ಆ ಹೆಸರು. ವಾಷರುಗಳು ನೂರು, ನೂರೈವತ್ತು ಕಿಲೋ ಒತ್ತಡದಲ್ಲಿ ಕೆಲಸ ಮಾಡುವುದರಿಂದ ಅಲ್ಲಿ ಇದು ಬೇಕೇ ಬೇಕು. ನಮ್ಮ ಎಚ್.ಟಿ.ಪಿ. ಪಂಪು ಇಪ್ಪತ್ತು-ಮೂವತ್ತು ಕಿಲೋದ್ದು. ಅಲ್ಲಿ ನೊಗ ಇಳಿಸುವ ಕೆಲಸ ನಮ್ಮ ಕೈಯದು. ರೆಗ್ಯುಲೇಟರಿನ ಪಕ್ಕದಲ್ಲಿರುವ ಸಣ್ಣ ಲಿವರು ಇರುವುದು ಅದಕ್ಕೇ. ಲಿವರು ಎತ್ತಿದರೆ ಒತ್ತಡ ಹೋಯಿತು, ಇಳಿಸಿದರೆ ಬಂತು. ಎಂಜಿನ್ನು ಚಾಲೂ ಮಾಡುವಾಗ, ಡ್ರಮ್ಮು ಬದಲಿಸುವಾಗ, ಚಹಾ ಕುಡಿಯಲು ಹೋಗುವಾಗ ಲಿವರು ಎತ್ತಿರಬೇಕು. ಎಷ್ಟೋ ಮನೆಗಳಲ್ಲಿ ಆ ಲಿವರು ತುಕ್ಕು ಹಿಡಿದು ಒಂದೇ ಕಡೆ ಕಚ್ಚಿಕೊಂಡಿರುವುದನ್ನು ನಾವು ಕಂಡಿದ್ದೇವೆ.

ಬೈಪಾಸ್ ಪೈಪು ಹೇಳುವ ಸಾಕ್ಷಿ

ಒತ್ತಡ ಕಡಿಮೆಯಾದಾಗ ನಾಬಿನ ಕಡೆಗೆ ಕೈ ಹೋಗುವುದು ಸಹಜ. ಕೈಯನ್ನು ಕಿಸೆಯಲ್ಲಿಟ್ಟು ಮೊದಲು ಡ್ರಮ್ಮಿನ ಹತ್ತಿರ ಹೋಗಿ. ಗನ್ನು ತೆರೆದು ಹೊಡೆಯುತ್ತಿರುವಾಗಲೇ ಬೈಪಾಸ್ ಪೈಪಿನ ಬಾಯಿಯನ್ನು ನೋಡಿ. ನೀರು ಬರುತ್ತಿದೆಯೇ? ಎಷ್ಟು?

ಗೇಜು ಕೆಳಗಿದೆ, ಬೈಪಾಸಿನಲ್ಲೂ ನೀರಿಲ್ಲ ಎಂದರೆ ವಾಲ್ವು ನಿರಪರಾಧಿ. ಅದು ಮುಚ್ಚಿಕೊಂಡೇ ಕೂತಿದೆ. ನೀರು ಸಾಲದಾಗಿದೆ ಅಥವಾ ತೂತು ದೊಡ್ಡದಾಗಿದೆ. ಸಾಲದಿದ್ದರೆ ಹೀರುವ ಕಡೆ ನೋಡಬೇಕು: ಡ್ರಮ್ಮಿನೊಳಗಿನ ಜಾಳಿಗೆ ಕಟ್ಟಿದೆಯೇ, ಸಕ್ಷನ್ ಪೈಪಿನ ಕ್ಲಾಂಪು ಸಡಿಲವಾಗಿ ಗಾಳಿ ಎಳೆಯುತ್ತಿದೆಯೇ, ಬೆಲ್ಟು ಜಾರುತ್ತಿದೆಯೇ. ಗಾಳಿ ಎಳೆದರೆ ಗೇಜಿನ ಮುಳ್ಳು ನಡುಗುತ್ತದೆ, ಪೈಪು ಕೈಯಲ್ಲಿ ಮಿಡಿಯುತ್ತದೆ. ಮೂರು ಪ್ಲಂಜರುಗಳಲ್ಲಿ ಒಂದರ ವಾಲ್ವಿನಲ್ಲಿ ಕಸ ಸಿಕ್ಕಿದರೂ ಹಾಗೆಯೇ. ಪ್ಲಂಜರಿನ ಕೆಳಗೆ ಔಷಧ ತೊಟ್ಟಿಕ್ಕುತ್ತಿದ್ದರೆ ಪ್ಯಾಕಿಂಗು ಸವೆದಿದೆ ಎಂದರ್ಥ. ಇವೆಲ್ಲ ಸರಿಯಿದ್ದರೆ ಉಳಿದದ್ದು ನಾಜಲು.

ನಾಜಲಿನ ಸವೆತವನ್ನು ನಮ್ಮ ರೈತರು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾವೂ ಹಿಡಿದಿರಲಿಲ್ಲ. ಒಂದೂವರೆ ಮಿಲಿಮೀಟರಿನ ತೂತು ಸವೆದು ಒಂದು ಪಾಯಿಂಟ್ ಆರು ಐದಕ್ಕೆ ಬಂತೆನ್ನಿ, ಅಂದರೆ ಅಗಲದಲ್ಲಿ ಹತ್ತನೇ ಒಂದು ಭಾಗ ಹೆಚ್ಚಾಯಿತು. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುವುದಿಲ್ಲ. ಆದರೆ ಅಷ್ಟೇ ನೀರು ಆ ತೂತಿನಲ್ಲಿ ಹೋಗುವಾಗ 30 ಕಿಲೋ ಇದ್ದ ಒತ್ತಡ 20ರ ಹತ್ತಿರಕ್ಕೆ ಇಳಿಯುತ್ತದೆ. ಬೋರ್ಡೋದಲ್ಲಿನ ಸುಣ್ಣದ ಹರಳು ನಾಜಲಿಗೆ ಸಾಣೆ ಹಿಡಿದಂತೆ. ಕೃಷಿ ಹೊಂಡದ ಕೆಸರು ನೀರು ಸೋಸದೆ ಹಾಕಿದರೂ ಅದೇ. ಹಿತ್ತಾಳೆಯ ಡಿಸ್ಕು ಬೇಗ ಸವೆಯುತ್ತದೆ, ಸ್ಟೀಲು ಅದಕ್ಕಿಂತ ತಾಳುತ್ತದೆ, ಸೆರಾಮಿಕ್ ಡಿಸ್ಕು ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ಸೆರಾಮಿಕ್ಕು ನೆಲಕ್ಕೆ ಬಿದ್ದರೆ ಒಡೆಯುತ್ತದೆ.

ಸವೆತ ಅಳೆಯಲು ಒಂದು ಬಕೆಟ್ಟು ಮತ್ತು ಕೈಗಡಿಯಾರ ಸಾಕು. ಹೊಸ ನಾಜಲು ಹಾಕಿದ ದಿನವೇ ಬರೀ ನೀರಿನಲ್ಲಿ, ಗೇಜು ಒಂದು ಮಟ್ಟಕ್ಕೆ ನಿಲ್ಲಿಸಿ, ಒಂದು ಮಿನಿಟಿಗೆ ಎಷ್ಟು ಲೀಟರು ಬರುತ್ತದೆಂದು ಹಿಡಿದು ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ. ಮತ್ತೆ ಅದೇ ಒತ್ತಡದಲ್ಲಿ ಹಿಡಿದಾಗ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಡಿಸ್ಕು ಬದಲಿಸಿ. ಟ್ಯಾಂಕರಿನ ನೀರು ಕೊಂಡು ಔಷಧ ಹೊಡೆಯುವವರಿಗೆ ಈ ಲೆಕ್ಕ ಇನ್ನೊಂದು ರೀತಿಯಲ್ಲೂ ಬೇಕು. ಡ್ರಮ್ಮು ಬೇಗ ಖಾಲಿಯಾಗುತ್ತಿದ್ದರೆ ನೀರೂ ಔಷಧವೂ ಸವೆದ ತೂತಿನಲ್ಲಿ ಹೋಗುತ್ತಿವೆ.

ಇನ್ನೊಂದು ಸೂಕ್ಷ್ಮವಿದೆ. ಸರಿಯಾಗಿ ಜೋಡಿಸಿದ ಪಂಪಿನಲ್ಲಿ ಗನ್ನು ತೆರೆದಿರುವಾಗಲೂ ಸ್ವಲ್ಪ ನೀರು ಬೈಪಾಸಿನಲ್ಲಿ ಮರಳುತ್ತಿರಬೇಕು. ಆ ಮರಳುವ ನೀರೇ ಡ್ರಮ್ಮಿನಲ್ಲಿ ಔಷಧವನ್ನು ಕಲಕುತ್ತಿರುತ್ತದೆ. ನಾಜಲು ಸವೆಯತೊಡಗಿದಾಗ ಮೊದಲು ಗೇಜು ಇಳಿಯುವುದಿಲ್ಲ, ಮೊದಲು ಬೈಪಾಸು ಬತ್ತುತ್ತದೆ. ಬೈಪಾಸು ಪೂರ್ತಿ ಬತ್ತಿದ ನಂತರವೇ ಮುಳ್ಳು ಇಳಿಯುವುದು. ಆ ನಡುವಿನ ದಿನಗಳಲ್ಲಿ ಪುಡಿ ಔಷಧ ತಳಕ್ಕೆ ಕೂರುತ್ತದೆ. ಮೊದಲ ಸಾಲುಗಳಿಗೆ ಒಂದು ಹದ, ಕೊನೆಯ ಸಾಲುಗಳಿಗೆ ಇನ್ನೊಂದು ಹದ. ಔಷಧ ಹೊಡೆದರೂ ರೋಗ ನಿಲ್ಲಲಿಲ್ಲವೆಂದು ಅಂಗಡಿಯವನನ್ನು ಬೈಯುವ ಮುನ್ನ ಡ್ರಮ್ಮಿನ ತಳಕ್ಕೆ ಕೈಗವಸು ಹಾಕಿದ ಕೈಯಿಂದ ಕೋಲು ಆಡಿಸಿ ನೋಡುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧವಾದ ಸಾಕ್ಷಿಯೂ ಇದೆ. ಗೇಜು ಕೆಳಗಿದೆ, ಆದರೆ ಬೈಪಾಸಿನಲ್ಲಿ ನೀರು ಜೋರಾಗಿ ಬರುತ್ತಿದೆ. ಆಗ ವಾಲ್ವೇ ಅಪರಾಧಿ. ಪೀಠದ ಮೇಲೆ ಹರಳು ಸಿಕ್ಕಿಕೊಂಡಿದೆ, ಪೀಠ ಸವೆದು ಗೀರು ಬಿದ್ದಿದೆ, ಅಥವಾ ಸ್ಪ್ರಿಂಗು ಮುರಿದಿದೆ. ಇಲ್ಲಿಯೂ ನಾಬು ಬಿಗಿ ಮಾಡಿದರೆ ಪ್ರಯೋಜನ ಅಲ್ಪ. ಎಂಜಿನ್ನು ನಿಲ್ಲಿಸಿ, ಗನ್ನು ಒತ್ತಿ ಪೈಪಿನ ಒತ್ತಡ ಬಿಟ್ಟು, ವಾಲ್ವನ್ನು ಬಿಚ್ಚಿ ಶುದ್ಧ ನೀರಿನಲ್ಲಿ ತೊಳೆಯಿರಿ. ನಮ್ಮ ಬೋರಿನ ಗಡಸು ನೀರು ಪೀಠದ ಸುತ್ತ ಬಿಳಿ ಕಟ್ಟು ಕಟ್ಟಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಹಟ ಹಿಡಿದರೆ ಸ್ವಲ್ಪ ಹೊತ್ತು ವಿನೆಗರಿನಲ್ಲಿ ನೆನೆಹಾಕಿ ತೊಳೆಯಿರಿ. ಉಗುರಿನ ತುದಿ ಪೀಠದ ಅಂಚಿನ ಮೇಲೆ ಆಡಿಸಿದಾಗ ಗೀರು ಸಿಕ್ಕಿದರೆ ಪೀಠ, ಗುಂಡು ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಮತ್ತೆ ಸೋರುತ್ತದೆ.

ಗೇಜು ಸರಿಯಾಗಿದೆ, ಬೈಪಾಸಿನಲ್ಲಿ ನೀರು ಎಂದಿಗಿಂತ ಹೆಚ್ಚು, ಗನ್ನಿನಲ್ಲಿ ಮಾತ್ರ ಧಾರೆ ಸಣಕಲು ಎಂದರೆ ಗನ್ನಿನ ಜಾಳಿಗೆಯೋ ನಾಜಲೋ ಕಟ್ಟಿದೆ. ಇದು ಎಲ್ಲರಿಗೂ ಗೊತ್ತಿರುವ ರೋಗ. ಆದರೆ ಅದಕ್ಕೆ ನಮ್ಮವರು ಮಾಡುವ ಮದ್ದು ಬಹಳ ಕೆಟ್ಟದ್ದು. ನಾಜಲು ಬಿಚ್ಚಿ ಬಾಯಿಗೆ ಇಟ್ಟು ಊದುತ್ತಾರೆ. ದೊಡ್ಡವರು ಊದುವುದನ್ನು ನೋಡಿ ಹುಡುಗರೂ ಊದುತ್ತಾರೆ. ದಯವಿಟ್ಟು ಬೇಡ. ತಂತಿ, ಸೂಜಿಯೂ ಬೇಡ, ತೂತು ಕೆಡುತ್ತದೆ. ನೀರಿನಲ್ಲಿ ಅಲುಗಿಸಿ, ಬ್ರಷ್ಷಿನಲ್ಲಿ ಉಜ್ಜಿ, ಅಷ್ಟಕ್ಕೂ ಹೋಗದಿದ್ದರೆ ಕಿಸೆಯಲ್ಲಿ ಇನ್ನೊಂದು ಡಿಸ್ಕು ಇಟ್ಟುಕೊಂಡಿರಿ.

ಈಗ ಗನ್ನು ಮುಚ್ಚಿದಾಗಿನ ಸಾಕ್ಷಿ. ಸರಿಯಾದ ರೆಗ್ಯುಲೇಟರಿನಲ್ಲಿ ಗನ್ನು ಮುಚ್ಚಿದರೆ ಮುಳ್ಳು ಸ್ವಲ್ಪ ಏರಿ ನಿಲ್ಲುತ್ತದೆ, ಬೈಪಾಸಿನಲ್ಲಿ ಪೂರ್ತಿ ನೀರು ಧುಮುಕುತ್ತದೆ. ಇಪ್ಪತ್ತೈದು ಇದ್ದದ್ದು ಇಪ್ಪತ್ತೆಂಟಕ್ಕೆ ಹೋದರೆ ಚಿಂತೆಯಿಲ್ಲ. ನಲವತ್ತಕ್ಕೆ ಹಾರಿದರೆ ತಕ್ಷಣ ಲಿವರು ಎತ್ತಿ. ನಾಬು ಮಿತಿಮೀರಿ ಬಿಗಿಯಾಗಿದೆ, ವಾಲ್ವು ಒಳಗೆ ಕಚ್ಚಿಕೊಂಡಿದೆ, ಅಥವಾ ಬೈಪಾಸ್ ಪೈಪು ಎಲ್ಲೋ ಮಡಚಿಕೊಂಡಿದೆ. ಕೊನೆಯದನ್ನು ನಗೆಮಾತೆಂದು ತಿಳಿಯಬೇಡಿ. ಬೈಪಾಸ್ ಪೈಪು ಡ್ರಮ್ಮಿನಿಂದ ಜಿಗಿಯದಿರಲೆಂದು ತಂತಿಯಿಂದ ಬಿಗಿದು ಕಟ್ಟಿ ಅದರ ಕೊರಳನ್ನೇ ಹಿಸುಕಿದ್ದನ್ನು ನಾವು ನೋಡಿದ್ದೇವೆ.

ವಾಷರಿನ ಅನ್‌ಲೋಡರಿನಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣುತ್ತದೆ. ಗನ್ನು ಮುಚ್ಚಿ ಇಟ್ಟಿದ್ದರೂ ನಾಲ್ಕೈದು ಸೆಕೆಂಡಿಗೊಮ್ಮೆ ಎಂಜಿನ್ನು ಗುರ್ರೆಂದು, ಮತ್ತೆ ಹಗುರಾಗಿ, ಮತ್ತೆ ಗುರ್ರೆನ್ನುತ್ತದೆ. ಕೂಡಿಹಾಕಿದ ಒತ್ತಡ ಎಲ್ಲೋ ಸೋರುತ್ತಿದೆ, ಅನ್‌ಲೋಡರ್ ಮತ್ತೆ ಮತ್ತೆ ತುಂಬುತ್ತಿದೆ. ಗನ್ನಿನ ತುದಿಯಲ್ಲಿ ಹನಿ, ಜೋಡಣೆಯ ಓ-ರಿಂಗು, ಕೊನೆಗೆ ಅನ್‌ಲೋಡರಿನೊಳಗಿನ ಚೆಕ್ ವಾಲ್ವು, ಈ ಕ್ರಮದಲ್ಲಿ ನೋಡಿ. ಒಂದು ಸಣ್ಣ ರಬ್ಬರಿನ ಬಳೆಯಿಂದ ಹೋಗುವ ಕಾಯಿಲೆಗೆ ಇಡೀ ವಾಲ್ವು ಬದಲಿಸಿದವರಿದ್ದಾರೆ.

ವಾಷರಿನಲ್ಲಿ ಗನ್ನು ಮುಚ್ಚಿ ಎಂಜಿನ್ನು ಹಾಗೇ ಬಿಟ್ಟು ಮಾತಿಗೆ ನಿಲ್ಲುವುದೂ ಒಳ್ಳೆಯದಲ್ಲ. ಬಹಳ ವಾಷರುಗಳಲ್ಲಿ ಬೈಪಾಸಿನ ನೀರು ಡ್ರಮ್ಮಿಗೆ ಹೋಗದೆ ನೇರ ಪಂಪಿನ ಬಾಯಿಗೇ ಮರಳುತ್ತದೆ. ಅದೇ ಒಂದು ಬೊಗಸೆ ನೀರು ಸುತ್ತಿ ಸುತ್ತಿ ಕೆಲವೇ ಮಿನಿಟುಗಳಲ್ಲಿ ಸುಡುವಷ್ಟು ಕಾಯುತ್ತದೆ, ಪ್ಯಾಕಿಂಗು ಹಾಳಾಗುತ್ತದೆ. ಎರಡು ಮಿನಿಟಿಗಿಂತ ಹೆಚ್ಚು ನಿಲ್ಲುವುದಿದ್ದರೆ ಎಂಜಿನ್ನು ನಿಲ್ಲಿಸಿಬಿಡಿ.

ಹೊಸ ವಾಲ್ವು ಕೊಳ್ಳುವಾಗ

ಮೇಲೆ ಹೇಳಿದ ಘಟನೆಯ ಮರುದಿನ ನಾವು ಪೇಟೆಗೆ ಹೋಗಿ, ಹಳೆಯ ವಾಲ್ವು ತೋರಿಸದೆ, 'ಒಳ್ಳೆಯದು, ಗಟ್ಟಿಯಾದದ್ದು ಕೊಡಿ' ಎಂದು ಕೇಳಿದೆವು. ಅಂಗಡಿಯವರು ಗಾಡಿ ತೊಳೆಯುವ ದೊಡ್ಡ ಪಂಪಿನ ಅನ್‌ಲೋಡರ್ ಕೊಟ್ಟರು. ನೋಡಲು ಭಾರವಾಗಿ ಚೆನ್ನಾಗಿತ್ತು. ತಂದು ಕೂರಿಸಿದರೆ ಒಂದು ಗನ್ನು ಮುಚ್ಚಿದಾಗ ಇನ್ನೊಂದು ಗನ್ನಿನ ಧಾರೆ ಎದ್ದು ಬಿದ್ದು ಕುಣಿಯತೊಡಗಿತು. ಮರಳಿ ಒಯ್ದರೆ ಬಿಚ್ಚಿದ ಮಾಲು ವಾಪಸಿಲ್ಲವೆಂದರು. ತಪ್ಪು ಅರ್ಧ ನಮ್ಮದೇ.

ಆಮೇಲೆ ಕಲಿತದ್ದು ಇದು. ಅಂಗಡಿಗೆ ಹೋಗುವ ಮುನ್ನ ಪಂಪಿನ ತಗಡಿನ ಮೇಲೆ ಬರೆದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಮಿನಿಟಿಗೆ ಎಷ್ಟು ಲೀಟರು, ಗರಿಷ್ಠ ಒತ್ತಡ ಎಷ್ಟು. ಹಳೆಯ ವಾಲ್ವನ್ನೂ ಚೀಲದಲ್ಲಿ ಒಯ್ಯಿರಿ, ಚೂಡಿಯ ಅಳತೆಗೆ ಅದೇ ಸಾಕ್ಷಿ. ಒತ್ತಡದ ಅಂಕಿಯನ್ನು ಎಲ್ಲರೂ ನೋಡುತ್ತಾರೆ. ಲೀಟರಿನ ಅಂಕಿಯನ್ನು ಯಾರೂ ನೋಡುವುದಿಲ್ಲ. ಆದರೆ ವಾಲ್ವು ಕೆಡುವುದು ಅಲ್ಲೇ. ಮಿನಿಟಿಗೆ ನಲವತ್ತು, ಐವತ್ತು ಲೀಟರಿಗೆ ಮಾಡಿದ ವಾಲ್ವು ಇಪ್ಪತ್ತು ಲೀಟರಿನ ಪಂಪಿನಲ್ಲಿ ಸರಿಯಾಗಿ ಏಳುವುದೂ ಇಲ್ಲ, ಕೂರುವುದೂ ಇಲ್ಲ. ಬದಲಿಗೆ ಸಣ್ಣ ವಾಲ್ವನ್ನು ದೊಡ್ಡ ಪಂಪಿಗೆ ಹಾಕಿದರೆ ಗನ್ನು ಮುಚ್ಚಿದಾಗ ಎಲ್ಲಾ ನೀರು ಬೈಪಾಸಿನಲ್ಲಿ ತೂರದೆ ಒತ್ತಡ ಒಳಗೇ ಏರುತ್ತದೆ. ಎರಡನೆಯದು ಹೆಚ್ಚು ಅಪಾಯ.

ಎರಡು ಗನ್ನಿನಿಂದ ಹೊಡೆಯುವ ಮನೆಗೆ ಸಾದಾ ರೆಗ್ಯುಲೇಟರೇ ಸರಿ. ಒಂದು ಗನ್ನು ಮುಚ್ಚಿದರೆ ಅದರ ಪಾಲಿನ ನೀರನ್ನು ಮಾತ್ರ ಅದು ಮರಳಿಸುತ್ತದೆ. ಒಂದೇ ಗನ್ನಿನ ವಾಷರಿಗೆ ಅನ್‌ಲೋಡರ್ ಸರಿ. ಅನ್‌ಲೋಡರಿನಲ್ಲೂ ಎರಡು ಜಾತಿ. ಒಂದು ಒತ್ತಡ ಏರಿದ್ದನ್ನು ನೋಡಿ ಕೆಲಸ ಮಾಡುತ್ತದೆ ಮತ್ತು ಪೈಪಿನಲ್ಲಿ ಒತ್ತಡವನ್ನು ಹಿಡಿದಿಡುತ್ತದೆ. ಇನ್ನೊಂದು ನೀರು ಹರಿಯುವುದು ನಿಂತದ್ದನ್ನು ನೋಡಿ ಕೆಲಸ ಮಾಡುತ್ತದೆ. ಅದರಲ್ಲಿ ಗನ್ನು ಮತ್ತೆ ಒತ್ತಿದಾಗ ಕೈಗೆ ಒದೆತ ಕಡಿಮೆ, ಆದರೆ ಎಲ್ಲಾದರೂ ಸಣ್ಣ ಸೋರಿಕೆಯಿದ್ದರೆ ಅದು ಗೊಂದಲಕ್ಕೆ ಬೀಳುತ್ತದೆ, ಎರಡು ಗನ್ನಿಗೂ ಹೊಂದುವುದಿಲ್ಲ. ಔಷಧದ ಪಂಪಿಗೆ ಕೊಳ್ಳುವಾಗ ಗುಂಡು ಮತ್ತು ಪೀಠ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ರಬ್ಬರು ವಿಟಾನ್ ಆಗಿರಲಿ. ಎಣ್ಣೆಯಂತಹ ದ್ರಾವಣದಲ್ಲಿ ಕರಗಿಸಿದ ಕೀಟನಾಶಕಗಳು ಸಾದಾ ರಬ್ಬರನ್ನು ಉಬ್ಬಿಸಿಬಿಡುತ್ತವೆ. ಟ್ರ್ಯಾಕ್ಟರಿನ ಬ್ಲೋವರು ಇರುವವರ ಪಂಪು ಹೆಚ್ಚಾಗಿ ಡಯಾಫ್ರಾಮಿನದು, ಅದರ ರೆಗ್ಯುಲೇಟರು ಬೇರೆ ತರಹದ್ದು. ಅದನ್ನು ಅದೇ ಕಂಪನಿಯದೇ ತರುವುದು ಲೇಸು.

ಕೂರಿಸಿದ ಮೇಲೆ ಬರೀ ನೀರಿನಲ್ಲಿ ಹೊಂದಿಸಿ. ನಾಬು ಪೂರ್ತಿ ಸಡಿಲ, ಲಿವರು ಮೇಲೆ, ಎಂಜಿನ್ನು ಚಾಲೂ. ಲಿವರು ಇಳಿಸಿ ಗನ್ನು ತೆರೆಯಿರಿ. ನೀವು ಹೊಡೆಯುವ ನಾಜಲೇ ಹಾಕಿರಲಿ. ಗನ್ನು ತೆರೆದಿರುವಾಗಲೇ ನಾಬನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತ ಬೇಕಾದ ಒತ್ತಡಕ್ಕೆ ತನ್ನಿ. ಬೈಪಾಸಿನಲ್ಲಿ ಸ್ವಲ್ಪ ನೀರು ಉಳಿದಿರಬೇಕು. ಮುಳ್ಳು ಏರುವುದು ನಿಂತ ಮೇಲೆ ಒಂದು ಸುತ್ತೂ ಮುಂದೆ ಹೋಗಬೇಡಿ. ಗನ್ನು ಮುಚ್ಚಿ ಏರಿಕೆ ನೋಡಿ, ನಟ್ಟು ಬಿಗಿದು, ನಾಬಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಯಾರಾದರೂ ತಿರುಗಿಸಿದ್ದರೆ ಗೆರೆಯೇ ಹೇಳುತ್ತದೆ.

ಒತ್ತಡ ಹೆಚ್ಚಾದಷ್ಟೂ ಔಷಧ ಚೆನ್ನಾಗಿ ಹತ್ತುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಿತಿ ಮೀರಿದ ಒತ್ತಡದಲ್ಲಿ ಹನಿ ಮಂಜಿನಂತೆ ಸಣ್ಣದಾಗಿ ಗಾಳಿಯಲ್ಲಿ ತೇಲಿ ಹೊಡೆಯುವವನ ಮೂಗಿಗೇ ಬರುತ್ತದೆ. ಹತ್ತಿರದಿಂದ ಹೊಡೆದರೆ ಎಳೆಯ ಎಲೆ, ಕಾಯಿಯ ಸಿಪ್ಪೆ ತರಚುತ್ತದೆ. ತೇಲ್ಯಾದ ದುಂಡಾಣು ಒಳಹೊಗುವುದು ಎಲೆಯ ಸೂಕ್ಷ್ಮ ರಂಧ್ರಗಳಿಂದ ಮತ್ತು ಇಂಥ ಗಾಯಗಳಿಂದಲೇ. 2017ರಲ್ಲಿ ನಮ್ಮದೇ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದು ಇಪ್ಪತ್ತಕ್ಕೂ ಹೆಚ್ಚು ರೈತರೂ ಕೂಲಿಕಾರರೂ ಸತ್ತದ್ದು ನೆನಪಿರಬಹುದು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು. ಸಣ್ಣ ಹನಿ ಎಬ್ಬಿಸುವ ಹೊಸ ಪವರ್ ಪಂಪುಗಳ ಮಾತೂ ಆಗ ಬಂದಿತ್ತು.

ಮೈಮೇಲೆ ಬಿದ್ದರೆ, ಚರ್ಮದೊಳಗೆ ಹೊಕ್ಕರೆ

ಪೈಪು ಒಡೆದು ಔಷಧ ಮೈಮೇಲೆ ಬಿದ್ದರೆ ಮೊದಲು ಲಿವರು, ಎಂಜಿನ್ನು. ಆಮೇಲೆ ಬಟ್ಟೆ. ಒದ್ದೆ ಬಟ್ಟೆ ಮೈಮೇಲಿದ್ದಷ್ಟು ಹೊತ್ತು ಔಷಧ ಚರ್ಮದಿಂದ ಒಳಗೆ ಇಳಿಯುತ್ತಿರುತ್ತದೆ. ಸಾಲು ಮುಗಿಸಿ ಬಿಚ್ಚುತ್ತೇನೆ ಎನ್ನಬೇಡಿ, ನಾಚಿಕೆಯೂ ಬೇಡ. ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ, ಕೂದಲು, ಕಿವಿಯ ಹಿಂದೆ, ಉಗುರಿನ ಸಂದು ಬಿಡಬೇಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹದಿನೈದು ಮಿನಿಟು ತಣ್ಣೀರು ಹರಿಸಬೇಕು. ಹದಿನೈದು ಮಿನಿಟೆಂದರೆ ಬಹಳ ಉದ್ದ, ಗಡಿಯಾರ ನೋಡಿ. ಇದಕ್ಕಾಗಿ ಪಂಪಿನ ಹತ್ತಿರ ಒಂದು ಕೊಡ ಶುದ್ಧ ನೀರು ಮತ್ತು ಸಾಬೂನು ಬೇರೆಯಾಗಿ ಇರಬೇಕು. ನಮ್ಮ ಶೆಡ್ಡಿನಲ್ಲಿ ಅಂದು ಇರಲಿಲ್ಲ. ತಮ್ಮನನ್ನು ಕೈ ಹಿಡಿದು ತೊಟ್ಟಿಯವರೆಗೆ ನಡೆಸಿಕೊಂಡು ಹೋಗಬೇಕಾಯಿತು. ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣಪಾಪೆ ಚುಕ್ಕಿಯಷ್ಟಾಗುವುದು, ಉಸಿರು ಕಟ್ಟುವುದು ಕಂಡರೆ 108ಕ್ಕೆ ಫೋನು ಮಾಡಿ, ಔಷಧದ ಡಬ್ಬಿಯನ್ನು ಚೀಟಿ ಸಹಿತ ಜೊತೆಗೇ ಒಯ್ಯಿರಿ.

ಇನ್ನೊಂದು ಅಪಾಯದ ಬಗ್ಗೆ ಹಳ್ಳಿಯಲ್ಲಿ ಯಾರೂ ಮಾತಾಡುವುದಿಲ್ಲ. ಪೈಪಿನಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಾಗ ಅದರಿಂದ ಬರುವ ಧಾರೆ ಸೂಜಿಯಂತೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಇದಕ್ಕೆ ವಾಷರಿನ ನೂರು ಕಿಲೋ ಒತ್ತಡವೇ ಬೇಕೆಂದಿಲ್ಲ, ನಮ್ಮ ಸ್ಪ್ರೇ ಪಂಪಿನ ಒತ್ತಡವೂ ಸಾಕು. ಹೊರಗೆ ಕಾಣುವುದು ಒಂದು ಚುಕ್ಕಿ ಗಾಯ. ಮೊದಲ ತಾಸು ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಔಷಧವೋ ಎಣ್ಣೆಯೋ ಬೆರಳಿನ ನರಗಳ ಗುಂಟ ಅಂಗೈವರೆಗೆ ಹರಡಿರುತ್ತದೆ. ರಾತ್ರಿಗೆ ಬೆರಳು ಊದಿ ಕಪ್ಪಾಗುತ್ತದೆ. ಇಂಥ ಗಾಯಗಳಲ್ಲಿ ಮೂವರಲ್ಲಿ ಒಬ್ಬರು ಬೆರಳನ್ನೋ ಅದರ ಭಾಗವನ್ನೋ ಕಳೆದುಕೊಳ್ಳುತ್ತಾರೆಂದು ವೈದ್ಯರ ಅನುಭವ. ಆರು ತಾಸಿನೊಳಗೆ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ತೊಳೆದರೆ ಉಳಿಯುವ ಸಂಭವ ಹೆಚ್ಚು. ಜತ್ತದಿಂದ ಮಿರಜಕ್ಕೋ ವಿಜಯಪುರಕ್ಕೋ ಒಂದೂವರೆ-ಎರಡು ತಾಸಿನ ದಾರಿ. ನಮ್ಮ ಒಳ ಊರುಗಳಿಂದ ಇನ್ನೂ ಹೆಚ್ಚು. ಹಾಗಾಗಿ ಅರಿಶಿನ ಹಚ್ಚಿ ಬೆಳಗಾಗಲಿ ಎಂದು ಕೂರಲು ವೇಳೆಯಿಲ್ಲ. ಡಾಕ್ಟರಿಗೆ 'ಏನೋ ಚುಚ್ಚಿತು' ಎನ್ನಬೇಡಿ. 'ಪಂಪಿನ ಒತ್ತಡದ ಧಾರೆ ಒಳಗೆ ಹೊಕ್ಕಿದೆ, ಅದರಲ್ಲಿ ಈ ಔಷಧವಿತ್ತು' ಎಂದು ಬಿಡಿಸಿ ಹೇಳಿ. ಹಾಗೆ ಹೇಳದಿದ್ದರೆ ಚುಕ್ಕಿ ಗಾಯ ನೋಡಿ ಪಟ್ಟಿ ಕಟ್ಟಿ ಕಳಿಸಿಬಿಡುವ ಸಂಭವವಿದೆ.

ಸೋರಿಕೆ ಹುಡುಕಲು ಬೆರಳು ಆಡಿಸಬೇಡಿ, ರಟ್ಟಿನ ತುಂಡು ಆಡಿಸಿ. ಸೋರುವ ಪೈಪಿಗೆ ಟ್ಯೂಬು ಸುತ್ತಿ ಕಟ್ಟುವ ರೂಢಿಯೂ ಬೇಡ. ಆ ತುಂಡು ಕತ್ತರಿಸಿ ಜೋಡಣೆ ಹಾಕಿ. ಎಂಜಿನ್ನು ನಿಂತರೂ ಪೈಪಿನೊಳಗೆ ಒತ್ತಡ ಉಳಿದಿರಬಹುದು. ಯಾವುದೇ ನಟ್ಟಿಗೆ ಪಾನಾ ಹಾಕುವ ಮುನ್ನ ಗನ್ನನ್ನು ನೆಲದ ಕಡೆ ಹಿಡಿದು ಒಮ್ಮೆ ಒತ್ತಿ ಖಾಲಿ ಮಾಡಿ.

ನಮ್ಮ ಪಂಪು ಈಗ ಹಳೆಯ ರೆಗ್ಯುಲೇಟರಿನಲ್ಲೇ ನಡೆಯುತ್ತಿದೆ. ಪೀಠ ಮತ್ತು ಗುಂಡು ಹೊಸದು, ನಾಜಲಿಗೆ ಸೆರಾಮಿಕ್ ಡಿಸ್ಕು. ಬೋರ್ಡೋ ಹೊಡೆದ ದಿನ ಡ್ರಮ್ಮು ತೊಳೆದು, ಐದು ಮಿನಿಟು ಶುದ್ಧ ನೀರು ಓಡಿಸಿ, ಅದರಲ್ಲಿ ಒಂದೆರಡು ಸಲ ಲಿವರು ಎತ್ತಿ ಇಳಿಸಿ ಬಿಡುತ್ತೇವೆ, ಪೀಠದ ಮೇಲೆ ಸುಣ್ಣ ಕೂರುವುದಿಲ್ಲ. ಪೇಟೆಯಿಂದ ತಂದ ಆ ಭಾರವಾದ ಅನ್‌ಲೋಡರ್ ಶೆಡ್ಡಿನ ಮಾಡದಲ್ಲಿ ಕೂತಿದೆ. ಯಾರ ಬಳಿಯಾದರೂ ಮಿನಿಟಿಗೆ ನಲವತ್ತು ಲೀಟರಿನ ವಾಷರು ಇದ್ದರೆ ಕೊಟ್ಟುಬಿಡುತ್ತೇವೆ.